ನಡುವಿನ ಕಾಯಿಲ್

(ಧಾರವಾಡದಲ್ಲಿ ಸಂಗೀತಾಸಕ್ತರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಈ ಮೇಜಿನ ಮೇಲೆ ಮಲಗಿಸಿರುವ ಎಲೆಕ್ಟ್ರಿಕ್ ಗಿಟಾರ್ ನೋಡಿ. ಮೇಲಿನ ಅಂಚಿನಲ್ಲಿ ಬಣ್ಣ ಹೋಗಿ ಮರ ಕಾಣುತ್ತಿದೆ. ಬಲಗೈ ಊರಿ ಊರಿ ಸವೆದ ಜಾಗ ಅದು. ಆ ಕೈ ನನ್ನದಲ್ಲ. ಸುಮಾರು 25 ವರ್ಷ ಇದನ್ನು ನುಡಿಸಿದವರು ಬೇರೆಯವರು. ನನ್ನ ಕೈಗೆ ಬಂದದ್ದು 2023ರ ಜುಲೈಯಲ್ಲಿ. ಇಂಥದ್ದೊಂದು ಬೇಕು ಅಂತ ಆಸೆ ಹುಟ್ಟಿದ್ದು 1989ರಲ್ಲಿ. ನಡುವೆ 34 ವರ್ಷ ಹೋಯಿತು.

ನಾನು ಸಂಗೀತಗಾರನಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ ಪಂಪು, ಗಿರಣಿ ಮೋಟಾರು, ಫ್ಯಾನು, ಮಿಕ್ಸರ್ ಸುಟ್ಟರೆ ಬಿಚ್ಚಿ, ಹಳೇ ತಂತಿ ತೆಗೆದು, ಹೊಸ ತಂತಿ ಸುತ್ತಿ ಕೊಡುವುದು ನಮ್ಮ ಕೆಲಸ. ಅಪ್ಪನ ಕಾಲದಿಂದ ಅದೇ. ಹೀಗಾಗಿ ನನಗೆ ರಾಗದ ಮಾತಿಗಿಂತ ತಂತಿಯ ಮಾತು ಜಾಸ್ತಿ ಬರುತ್ತದೆ. ನಿಮ್ಮಲ್ಲಿ ಹಾಡುವವರಿದ್ದೀರಿ, ಸಿತಾರ್ ನುಡಿಸುವವರಿದ್ದೀರಿ. ತಂತಿ ನಿಮಗೂ ಹೊಸದಲ್ಲ, ಅಲ್ವಾ?

ಮೊದಲು 1989ರ ಆ ರಾತ್ರಿ ಹೇಳಿಬಿಡುತ್ತೇನೆ. ನನಗೆ 14 ವರ್ಷ. ಗಣೇಶ ಹಬ್ಬ. ದುರ್ಗದಬೈಲ್ ಹತ್ತಿರದ ಒಂದು ಓಣಿಯಲ್ಲಿ ಪೆಂಡಾಲ್ ಹಾಕಿ ಆರ್ಕೆಸ್ಟ್ರಾ ಇಟ್ಟಿದ್ದರು. ಆಗಿನ ಆರ್ಕೆಸ್ಟ್ರಾ ನೋಡಿದವರಿಗೆ ಗೊತ್ತು. ಒಂದು ಕೀಬೋರ್ಡ್, ಡ್ರಮ್ ಸೆಟ್, ಇಬ್ಬರು ಹಾಡುವವರು, ಮೂಲೆಯಲ್ಲಿ ಗಿಟಾರಿನವನು. ಅಪ್ಪ ಜನರೇಟರ್ ನೋಡಿಕೊಳ್ಳಲು ಹೋಗಿದ್ದರು. ನಾನು ಡೀಸೆಲ್ ಡಬ್ಬಿ ಹಿಡಿದು ಸ್ಟೇಜಿನ ಹಿಂದೆ ನಿಂತಿದ್ದೆ. ಗಿಟಾರಿನವನು ನನ್ನಿಂದ ಒಂದು ಮಾರು ದೂರ.

ಹಾಡಿನ ನಡುವೆ ಕರೆಂಟ್ ಹೋಯಿತು. ಮೈಕು ನಿಂತಿತು, ಕೀಬೋರ್ಡ್ ನಿಂತಿತು. ಡ್ರಮ್ಮಿನವನು ಮಾತ್ರ ತಾಳ ಬಿಡಲಿಲ್ಲ. ಗಿಟಾರಿನವನೂ ಕೈ ನಿಲ್ಲಿಸಲಿಲ್ಲ. ಆದರೆ ಕೇಳಿಸುತ್ತಿದ್ದದ್ದು ಸಣ್ಣ ಟಿಣ್ ಟಿಣ್ ಅಷ್ಟೇ. ಪಕ್ಕದ ಮನೆಯಲ್ಲಿ ಯಾರೋ ಚಮಚೆಯಿಂದ ಲೋಟ ಬಡಿದ ಹಾಗೆ. ನನಗೆ ಆಶ್ಚರ್ಯ. ಅಷ್ಟು ದೊಡ್ಡ ದನಿಯ ವಾದ್ಯ ಎಲ್ಲಿ ಹೋಯಿತು? ಅಷ್ಟರಲ್ಲಿ ಅಪ್ಪ ಹ್ಯಾಂಡಲ್ ತಿರುಗಿಸಿದರು. ಜನರೇಟರ್ ಕೆಮ್ಮಿತು, ಹಿಡಿಯಿತು. ಬಲ್ಬುಗಳು ಕೆಂಪಗೆ ಮಿಣುಕಿ ಬೆಳ್ಳಗಾದವು. ಅದೇ ಹೊತ್ತಿಗೆ ಗಿಟಾರಿನವನು ಒಂದು ತಂತಿಯನ್ನು ಬೆರಳಿನಿಂದ ಓರೆಯಾಗಿ ಎಳೆದ. ಸಿತಾರಿನಲ್ಲಿ ಮೀಂಡ್ ಎಳೆಯುವ ಹಾಗೆ. ಆ ಸ್ವರ ಕೆಳಗಿನಿಂದ ಮೇಲಕ್ಕೆ ಏರಿ, ಇಡೀ ಓಣಿ ತುಂಬಿ ನಿಂತಿತು.

ಕರೆಂಟ್ ಅಂದರೆ ತಿರುಗಿಸುತ್ತದೆ, ಬೆಳಗುತ್ತದೆ, ಮೈಮರೆತರೆ ಶಾಕ್ ಹೊಡೆಯುತ್ತದೆ ಅಂತ ನನಗೆ ಗೊತ್ತಿತ್ತು. ಅದು ಹಾಡುತ್ತದೆ ಅಂತ ಅವತ್ತು ಗೊತ್ತಾಯಿತು. ಮನೆಗೆ ಬಂದ ಮೇಲೂ ನಿದ್ದೆ ಬರಲಿಲ್ಲ.

ಈ ಗಿಟಾರಿನೊಳಗೆ ಏನಿದೆ ಅಂತ ಒಂದಿಷ್ಟು ಹೇಳಬೇಕು. ಇಲ್ಲದಿದ್ದರೆ ಮುಂದಿನ ಕಥೆ ಹಿಡಿಯುವುದಿಲ್ಲ. ಇಲ್ಲಿ ನೋಡಿ, ತಂತಿಗಳ ಕೆಳಗೆ ಮೂರು ಉದ್ದನೆಯ ಬಿಳಿ ಪಟ್ಟಿಗಳಿವೆ. ಇವಕ್ಕೆ ಪಿಕಪ್ ಅನ್ನುತ್ತಾರೆ. ಮುಚ್ಚಳ ತೆಗೆದರೆ ಆರು ಸಣ್ಣ ಅಯಸ್ಕಾಂತದ ಕಡ್ಡಿಗಳು, ಒಂದೊಂದು ತಂತಿಗೆ ಒಂದೊಂದು. ಅವುಗಳ ಸುತ್ತ ತಾಮ್ರದ ತಂತಿಯ ಕಾಯಿಲ್, ಅಂದರೆ ಸುರುಳಿ. ಅಷ್ಟೇ. ಮೇಲೆ ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತದ ಬಲ ಅಲುಗುತ್ತದೆ, ಕಾಯಿಲಿನಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. ವಿಜ್ಞಾನಿ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿಷಯ ಇದು. ಸೈಕಲ್ ಡೈನಮೋ ನಡೆಯುವುದೂ ಹೀಗೆಯೇ. ತಂತಿ ಸೆಕೆಂಡಿಗೆ 110 ಸಲ ಅಲುಗಿದರೆ ಕರೆಂಟೂ 110 ಸಲ ಹಿಂದೆ ಮುಂದೆ ಹರಿಯುತ್ತದೆ. ನಮ್ಮ ಅಂಗಡಿಯಲ್ಲಿ ಕರೆಂಟ್ ಕೊಟ್ಟು ತಿರುಗಾಟ ಪಡೆಯುತ್ತೇವೆ. ಇಲ್ಲಿ ಅಲುಗಾಟ ಕೊಟ್ಟು ಕರೆಂಟ್ ಪಡೆಯುತ್ತೇವೆ. ಅದಕ್ಕೇ ಇದಕ್ಕೆ ನೈಲಾನ್ ತಂತಿ ಹಾಕಿದರೆ ಮೂಕವಾಗಿಬಿಡುತ್ತದೆ. ಉಕ್ಕೇ ಬೇಕು.

ಈ ವಾದ್ಯ ಹುಟ್ಟಿದ್ದು ಒಂದು ಕಷ್ಟದಿಂದ. ಅಮೆರಿಕದ ದೊಡ್ಡ ದೊಡ್ಡ ಬ್ಯಾಂಡುಗಳಲ್ಲಿ ಕಹಳೆ, ಡ್ರಮ್ಮುಗಳ ನಡುವೆ ಮರದ ಗಿಟಾರಿನ ದನಿ ಕೇಳುತ್ತಲೇ ಇರಲಿಲ್ಲ. 1930ರ ದಶಕದ ಶುರುವಿನಲ್ಲಿ ಜಾರ್ಜ್ ಬೀಚಮ್ ಮತ್ತು ರಿಕನ್‌ಬ್ಯಾಕರ್ ಸೇರಿ ಅಯಸ್ಕಾಂತ, ಕಾಯಿಲ್ ಇಟ್ಟ ಗಿಟಾರ್ ಮಾಡಿದರು. ಹವಾಯಿ ಪದ್ಧತಿಯಲ್ಲಿ ತೊಡೆಯ ಮೇಲೆ ಮಲಗಿಸಿ ನುಡಿಸುವಂಥದ್ದು. ದುಂಡು ದೇಹ, ಉದ್ದ ಹಿಡಿಕೆ. ಜನ ಅದನ್ನು ಬಾಣಲೆ ಅಂತಲೇ ಕರೆದರು.

ನನಗೆ ಹತ್ತಿರದವರು ಅನ್ನಿಸುವುದು ಲಿಯೋ ಫೆಂಡರ್. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನಮ್ಮ ಹಾಗೆ ಬಿಚ್ಚಿ ಕೂಡಿಸುವವರು. 1954ರಲ್ಲಿ ಅವರ ಕಂಪನಿ ಸ್ಟ್ರ್ಯಾಟೊಕ್ಯಾಸ್ಟರ್ ಎಂಬ ಗಿಟಾರ್ ತಂದಿತು. ಈ ಆಕಾರ, ಈ ಮೂರು ಪಿಕಪ್, ಎಲ್ಲ ಅಲ್ಲಿಂದ ಬಂದದ್ದು. ರಿಪೇರಿ ಮಾಡುವವನ ಕೈ ಅದರಲ್ಲಿ ಕಾಣುತ್ತದೆ. ನೆಕ್ ಅನ್ನು, ಅಂದರೆ ಎಡಗೈಯಲ್ಲಿ ಹಿಡಿಯುವ ಈ ಉದ್ದ ಹಿಡಿಕೆಯನ್ನು, ಅಂಟಿನಿಂದ ಅಂಟಿಸಿಲ್ಲ, ನಾಲ್ಕು ಸ್ಕ್ರೂ ಹಾಕಿ ಕೂಡಿಸಿದ್ದಾರೆ. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಈ ಪ್ಲಾಸ್ಟಿಕ್ ಹಲಗೆ ಎತ್ತಿದರೆ ಪಿಕಪ್ಪು, ಸ್ವಿಚ್ಚು, ಗುಂಡಿಗಳು ಎಲ್ಲ ಒಟ್ಟಿಗೆ ಮೇಲೆ ಬರುತ್ತವೆ. ಮೊದಲ ಸಲ ಬಿಚ್ಚಿದಾಗ ನಾನು ಸುಮ್ನೆ ಐದು ನಿಮಿಷ ನೋಡುತ್ತಾ ಕೂತೆ. ಯಾರೋ ನನಗಾಗಿಯೇ ಜೋಡಿಸಿಟ್ಟ ಹಾಗಿತ್ತು.

ನನ್ನದು ಫೆಂಡರ್ ಅಲ್ಲ. ಆ ಮಾದರಿ ನೋಡಿ ಬೇರೆ ಕಂಪನಿಯವರು ಕೊರಿಯಾದಲ್ಲಿ ಮಾಡಿದ್ದು.

ಇಷ್ಟು ಆಸೆ ಇದ್ದವನು 34 ವರ್ಷ ಯಾಕೆ ತಡೆದೆ ಅಂತ ಕೇಳಬಹುದು. 1998ರಲ್ಲಿ ಒಂದು ಸಲ ಹತ್ತಿರ ಹತ್ತಿರ ಬಂದಿತ್ತು. 6,500 ರೂಪಾಯಿ ಕೂಡಿಸಿದ್ದೆ. ಹುಬ್ಬಳ್ಳಿಯ ಒಂದು ವಾದ್ಯದಂಗಡಿಯಲ್ಲಿ ಗಾಜಿನ ಹಿಂದೆ ನೀಲಿ ಬಣ್ಣದ್ದೊಂದು ಇತ್ತು. ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಅದೇ ವರ್ಷ ಅಪ್ಪನ ಕಣ್ಣು ಮಂದವಾದವು. ಸಣ್ಣ ಕಾಯಿಲ್‌ಗಳನ್ನು ಅವರು ಬೆರಳಲ್ಲೇ ಸುತ್ತಿ, ಬಾಯಲ್ಲೇ ಎಣಿಸುತ್ತಿದ್ದರು. ಅದು ಆಗದಂತಾಯಿತು. ರಿಲೇ ಕಾಯಿಲ್, ಸ್ಟೆಬಿಲೈಜರ್ ಟ್ರಾನ್ಸ್‌ಫಾರ್ಮರ್ ಕೆಲಸ ಬರುತ್ತಿತ್ತು, ಮಾಡುವವರಿಲ್ಲ. ಆ ದುಡ್ಡಿಗೆ ಕೈಯಿಂದ ತಿರುಗಿಸುವ ವೈಂಡಿಂಗ್ ಮಷಿನ್ ತಂದೆ. ಸುತ್ತು ಎಣಿಸಲು ಅದರಲ್ಲಿ ಕೌಂಟರ್ ಇದೆ. ಹಿಡಿಕೆ ಒಂದು ಸಲ ತಿರುಗಿಸಿದರೆ ಸ್ಪಿಂಡಲ್ ಎಂಟು ಸಲ ತಿರುಗುತ್ತದೆ. ಈ ಮಷಿನ್ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಆಮೇಲೆ ತಂಗಿಯ ಮದುವೆ, ನನ್ನ ಮದುವೆ, ಮಗಳ ಶಾಲೆ. ಎಲ್ಲರ ಮನೆಯಲ್ಲೂ ಇರುವಂಥದ್ದೇ. 2001ರಲ್ಲಿ 1,200 ರೂಪಾಯಿಗೆ ಒಂದು ಸಾದಾ ಮರದ ಗಿಟಾರ್ ತೆಗೆದುಕೊಂಡೆ. ಓಣಿಯ ಹುಡುಗನೊಬ್ಬ ಚರ್ಚಿನಲ್ಲಿ ನುಡಿಸುತ್ತಿದ್ದ. ಅವನು ಕಾರ್ಡುಗಳನ್ನು, ಅಂದರೆ ಹಲವು ಸ್ವರ ಒಟ್ಟಿಗೆ ಮೀಟುವುದನ್ನು, ಹೇಳಿಕೊಟ್ಟ. ಬೆರಳು ಗಟ್ಟಿಯಾದವು. ಆದರೆ ಕತ್ತಲಲ್ಲಿ ಏರಿ ನಿಂತ ಆ ಸ್ವರ ಅದರಲ್ಲಿ ಬರಲಿಲ್ಲ.

2023ರ ಜೂನ್. ಹುಬ್ಬಳ್ಳಿಯ ಕೇಶ್ವಾಪುರದ ಒಂದು ಮನೆಯ ನೀರಿನ ಮೋಟಾರ್ ಸುಟ್ಟಿತ್ತು. ವೈಂಡಿಂಗ್ ಮಾಡಿ ಕೂರಿಸಲು ಹೋಗಿದ್ದೆ. ಕೈ ತೊಳೆಯಲು ಒಳಗೆ ಕರೆದರು. ಅಲಮಾರಿಯ ಮೇಲೆ ಉದ್ದನೆಯ ಕಪ್ಪು ಪೆಟ್ಟಿಗೆ. ಧೂಳು ಕೂತಿತ್ತು. ಆದರೂ ಆ ಆಕಾರ ನನಗೆ ಗುರುತು ಸಿಗದೆ ಇರುತ್ತದೆಯೇ? ಟವೆಲ್ ಕೈಯಲ್ಲೇ ಹಿಡಿದು ನಿಂತೆ.

ಮನೆಯ ಹಿರಿಯರು ಕುರ್ಚಿಯಲ್ಲಿ ಕೂತಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನ ಮುಖ ನೋಡಿ ಅವರೇ ಕೇಳಿದರು, "ಬಾರ್ಸಾಕ ಬರ್ತೈತೇನ್ರಿ?"

"ಸ್ವಲ್ಪ ಬರ್ತೈತ್ರಿ. ಆದ್ರ ಇಂಥಾದ್ದು ಮುಟ್ಟಿಲ್ರಿ."

"ಮುಟ್ರಿ ಹಂಗಾರ. ಕೆಳಗ ಇಳಸ್ರಿ."

ಹಗಲು ವರ್ಕ್‌ಶಾಪ್, ರಾತ್ರಿ ಆರ್ಕೆಸ್ಟ್ರಾ, ಭಾನುವಾರ ಚರ್ಚು. ಅವರ ಬದುಕು ಹಾಗಿತ್ತು. 1997ರಲ್ಲಿ ಮುಂಬೈನಿಂದ ಈ ಗಿಟಾರ್ ತಂದಿದ್ದರು. ಈಗ ಕೈಯ ಕೀಲುಗಳು ಊದಿ ಬೆರಳು ಮಡಚಲು ಬರುತ್ತಿರಲಿಲ್ಲ. ಪೆಟ್ಟಿಗೆ ತೆರೆದೆ. ತಂತಿಗಳು ತುಕ್ಕು ಹಿಡಿದಿದ್ದವು. ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಮರದ ಗಿಟಾರಿಗಿಂತ ಎಷ್ಟು ತೂಕ! ಒಳಗೆ ಪೊಳ್ಳಿಲ್ಲ, ಗಟ್ಟಿ ಹಲಗೆ. ಫ್ರೆಟ್ಟುಗಳ ಮೇಲೆ, ಅಂದರೆ ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ ಮೇಲೆ, ಬೆರಳಾಡಿಸಿದೆ. ಸಿತಾರಿನವರು ಪರದೆ ಅನ್ನುತ್ತೀರಲ್ಲ, ಅದೇ. ಐದನೇ ಮತ್ತು ಏಳನೇ ಫ್ರೆಟ್ಟಿನಲ್ಲಿ ತಂತಿ ಉಜ್ಜಿ ಉಜ್ಜಿ ಸಣ್ಣ ಹಳ್ಳ ಬಿದ್ದಿದ್ದವು. ಮಿಕ್ಕ ಕಡೆ ಅಷ್ಟಿರಲಿಲ್ಲ.

"ನೀವು ಜಾಸ್ತಿ ಎ ಶ್ರುತಿಗೆ ಬಾರಿಸಿದ್ದೀರಿ ಅನ್ಸತೈತಿ" ಅಂದೆ.

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಹೆಂಗ ಗೊತ್ತಾತು? ನಮ್ಮ ಹಾಡಾವಂದು ಅದ ಶ್ರುತಿ. ಹದಿನೆಂಟು ವರ್ಷ ಅವನ ಕೂಡ ಬಾರಿಸೀನಿ."

ಯಾವುದಾದರೂ ಹಳೆಯ ಮೋಟಾರ್ ಬಿಚ್ಚಿದರೆ ಬೇರಿಂಗ್ ಸವೆದ ರೀತಿ ನೋಡಿ ಅದು ಯಾವ ಕಡೆ ವಾಲಿ ತಿರುಗಿದೆ ಅಂತ ಹೇಳುತ್ತೇವೆ. ಇಲ್ಲಿ ಸವೆತ ನೋಡಿ ಒಬ್ಬ ಹಾಡುಗಾರನ ಕಂಠ ಗೊತ್ತಾಯಿತು. ನಾನು ಆ ಹಾಡುಗಾರನನ್ನು ನೋಡಿಲ್ಲ. ಆದರೂ ಅವನ ಶ್ರುತಿ ಈ ಫ್ರೆಟ್ಟುಗಳಲ್ಲಿ ಕೂತಿದೆ.

ಕೊಡುತ್ತೀರಾ ಅಂತ ಕೇಳುವ ಧೈರ್ಯ ಅವತ್ತು ಬರಲಿಲ್ಲ. ಎರಡು ವಾರ ಬಿಟ್ಟು ಅವರ ಮಗಳೇ ಫೋನ್ ಮಾಡಿದರು. "ಅಪ್ಪಾರು ನಿಮಗ ಕೊಡ್ರಿ ಅನ್ನಾಕತ್ತಾರ." ಹೋದೆ. 14,000 ಅಂದರು. ನಾನು ಒಪ್ಪಿ ದುಡ್ಡು ಎಣಿಸುತ್ತಿದ್ದಾಗ ಕೈ ಅಡ್ಡ ಹಿಡಿದರು. "ತಡೀರಿ. ನಡುವಿನ ಪಿಕಪ್ ಸತ್ತೈತಿ. 2009ರಿಂದ ಮಾತಾಡಂಗಿಲ್ಲ. ಅದಕ್ಕ ಎರಡು ಸಾವಿರ ಕಡಿಮಿ ಕೊಡ್ರಿ." ನಾನು ಕೇಳಿರಲಿಲ್ಲ, ಗಮನಿಸಿಯೂ ಇರಲಿಲ್ಲ. ಅವರಾಗಿಯೇ ಹೇಳಿದರು. ಪೆಟ್ಟಿಗೆಯ ಜೊತೆ ಒಂದು ಧಾರವಾಡ ಪೇಡೆಯ ಖಾಲಿ ಡಬ್ಬಿ ಕೊಟ್ಟರು. ಅದರಲ್ಲಿ ಹಳೇ ಸ್ಕ್ರೂ, ಸ್ಪ್ರಿಂಗು, ಒಂದು ಸಣ್ಣ ಅಲೆನ್ ಕೀ, ಬಿಡಿ ತಂತಿಗಳ ಸುರುಳಿ.

ಹುಬ್ಬಳ್ಳಿಯಿಂದ ಧಾರವಾಡದ ಮನೆಗೆ ಚಿಗರಿ ಬಸ್ಸಿನಲ್ಲಿ ಬಂದೆ. ಪೆಟ್ಟಿಗೆಯನ್ನು ಮೊಣಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿ ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಉಣಕಲ್ ದಾಟಿತು, ನವನಗರ ದಾಟಿತು. ಹೊರಗೆ ಜಡಿ ಮಳೆ. ದಿನಾ ಓಡಾಡುವ ದಾರಿಯೇ. ಅವತ್ತು ಯಾವ ಸ್ಟಾಪೂ ನೆನಪಿಲ್ಲ. ಒಂದೇ ನೆನಪು. ನನ್ನ ಹೆಬ್ಬೆರಳು ಪೆಟ್ಟಿಗೆಯ ಚಿಲಕದ ಮೇಲಿತ್ತು. ತೆಗೆಯಲೋ ಬೇಡವೋ, ತೆಗೆಯಲೋ ಬೇಡವೋ ಅಂತ 20 ಕಿಲೋಮೀಟರ್.

ಇಲ್ಲಿ ಒಂದು ಮಾತು ಹೇಳಲೇಬೇಕು. ಪರಿಚಯದವರು ಒಬ್ಬಿಬ್ಬರು ಕೇಳಿದರು. "ಇಷ್ಟು ವರ್ಷ ತಡೆದು ಕಡೆಗೆ ಸೆಕೆಂಡ್ ಹ್ಯಾಂಡ್ ತಗೊಂಡೆಯಾ?" ಈ ಊರಿನಲ್ಲಿ ಕೂತು ಆ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ನಿಮ್ಮ ಮನೆಗಳಲ್ಲಿ ತಂಬೂರಿ ಇದೆ. ಅಜ್ಜನ ಕಾಲದಲ್ಲಿ ಮೀರಜಿನಿಂದ ಬಂದದ್ದು. ಗುರುಗಳು ಶಿಷ್ಯರಿಗೆ ಕೊಟ್ಟದ್ದು. ಅದನ್ನು ಯಾರಾದರೂ ಸೆಕೆಂಡ್ ಹ್ಯಾಂಡ್ ಅನ್ನುತ್ತೀರಾ? ಸಿತಾರರತ್ನ ರಹಿಮತ್ ಖಾನರು ನೆಲೆ ನಿಂತ ಊರು ಇದು. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ತಂಬೂರಿ ಶ್ರುತಿ ಮಾಡಿಸಿಕೊಂಡು ಕೂತ ಊರು. ಹಳೇ ತಂಬೂರಿ ಸಿಕ್ಕರೆ ಇಲ್ಲಿಯವರು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನಾನು ಮನೆಗೆ ಬಂದು ಪೆಟ್ಟಿಗೆ ತೆರೆದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಹಳೇದ?" ಹೌದು ಅಂದೆ. "ಚಲೋ ಆತು. ಪಳಗಿರ್ತದ" ಅಂದಳು. ಅವಳಿಗೆ ಗಿಟಾರ್ ಅಂದರೆ ಏನೆಂದು ಗೊತ್ತಿಲ್ಲ. ತತ್ವಪದ ಹಾಡುತ್ತಾಳೆ. ಆದರೂ ಸರಿಯಾದ ಮಾತು ಅವಳೇ ಹೇಳಿದಳು.

ಮೊದಲ ರಾತ್ರಿ ಹೊಸ ತಂತಿ ಹಾಕಿದೆ. 3,000 ರೂಪಾಯಿಗೆ ಒಂದು ಹಳೇ 15 ವಾಟಿನ ಆಂಪ್, ಅಂದರೆ ಪಿಕಪ್ಪಿನ ಚೂರು ಕರೆಂಟನ್ನು ದೊಡ್ಡ ದನಿ ಮಾಡುವ ಸ್ಪೀಕರ್ ಪೆಟ್ಟಿಗೆ, ತಂದಿಟ್ಟುಕೊಂಡಿದ್ದೆ. ಹಚ್ಚಿದ ಕೂಡಲೇ ಗುಂಯ್ ಅಂತ ಶುರುವಾಯಿತು. ಮಾಳಮಡ್ಡಿಯ ಹಳೇ ಮನೆ ನಮ್ಮದು. ಆ ಕೋಣೆಯ ವೈರಿಂಗಿಗೆ ಅರ್ಥಿಂಗ್ ಇರಲಿಲ್ಲ. ಜೊತೆಗೆ ಇಂಥ ಒಂಟಿ ಕಾಯಿಲಿನ ಪಿಕಪ್ಪು ಸುತ್ತಲಿನ ಕರೆಂಟಿನ ಗುನುಗನ್ನೆಲ್ಲ ಹಿಡಿದುಕೊಳ್ಳುತ್ತದೆ. ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ, ಬಿಟ್ಟರೆ ಮತ್ತೆ ಗುಂಯ್.

ನಾನು ತಲೆ ಕೆಡಿಸಿಕೊಂಡು ವೈರು ಹುಡುಕುತ್ತಿದ್ದೆ. ಒಳಗಿನ ಕೋಣೆಯಿಂದ ಅವ್ವನ ದನಿ. ಆ ಗುಂಯ್‌ಗೆ ಶ್ರುತಿ ಕೂಡಿಸಿಕೊಂಡು ಒಂದು ಪದ ಗುನುಗುತ್ತಿದ್ದಳು. ನಾನು ಕೈ ನಿಲ್ಲಿಸಿಬಿಟ್ಟೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಅದರ ದುಪ್ಪಟ್ಟು 100, ಅದೇ ಸ್ವರ ಒಂದು ಸಪ್ತಕ ಮೇಲೆ. ಹಾರ್ಮೋನಿಯಂ ಲೆಕ್ಕದಲ್ಲಿ ಇದು ಬಿಳಿ ಐದಕ್ಕೆ, ಅಂದರೆ ಜಿ ಸ್ವರಕ್ಕೆ, ಒಂದು ಕೂದಲೆಳೆ ಮೇಲೆ. ಜಿ 98 ಇರುತ್ತದೆ. ಅಮೆರಿಕದಲ್ಲಿ ಕರೆಂಟು 60. ಅಲ್ಲಿಯ ಗುಂಯ್ ಬೇರೆ ಸ್ವರ. ನಮ್ಮ ಊರುಗಳ ಕರೆಂಟಿಗೆ ನಮ್ಮದೇ ಒಂದು ಶ್ರುತಿ ಇದೆ. ಇಷ್ಟು ವರ್ಷ ಟ್ರಾನ್ಸ್‌ಫಾರ್ಮರ್ ಪಕ್ಕ ಕೂತವನಿಗೆ ಅದು ಹೊಳೆದಿರಲಿಲ್ಲ. ಅವ್ವನ ಕಿವಿಗೆ ಒಂದೇ ರಾತ್ರಿಯಲ್ಲಿ ಸಿಕ್ಕಿತು.

ಹುಡುಗರು ಇಲ್ಲಿದ್ದೀರಿ, ಅದಕ್ಕೆ ಒತ್ತಿ ಹೇಳುತ್ತೇನೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಮೈಗೆ ಸೇರಿರುತ್ತವೆ. ಆಂಪ್ ಕೆಟ್ಟು, ಅರ್ಥಿಂಗ್ ಇಲ್ಲದಿದ್ದರೆ ತಂತಿಯಲ್ಲೇ ಕರೆಂಟ್ ಬರಬಹುದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ನುಡಿಸಬೇಡಿ. ನಾನು ಮರುದಿನವೇ ಅಂಗಳದಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ಹಾಕಿ ಅರ್ಥಿಂಗ್ ಮಾಡಿದೆ. ಅದು ಆಗುವ ತನಕ ಮತ್ತೆ ಹಚ್ಚಲಿಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗಿನ ದಪ್ಪ ಪಿನ್ ಮುರಿದು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ.

ಈಗ ನಡುವಿನ ಕಾಯಿಲಿಗೆ ಬರುತ್ತೇನೆ. ಅರ್ಥಿಂಗ್ ಆದ ಮೇಲೆ ಗುನುಗು ಇಳಿಯಿತು, ಎರಡು ಪಿಕಪ್ಪುಗಳು ಚೆನ್ನಾಗಿ ಹಾಡಿದವು. ಅಷ್ಟಕ್ಕೇ ಬಿಡಬಹುದಿತ್ತು. ಹೊಸ ಪಿಕಪ್ ತರಿಸಿ ಹಾಕಬಹುದಿತ್ತು. ಆದರೆ ಸುಟ್ಟ ಕಾಯಿಲ್ ಸುತ್ತಿಯೇ ನಮ್ಮ ಮನೆ ನಡೆದಿದೆ. ನನ್ನ ಗಿಟಾರಿನ ಕಾಯಿಲ್ ನಾನೇ ಸುತ್ತಬೇಕು ಅನ್ನಿಸಿತು.

ಕಾಯಿಲಿನ ತಡೆ ಅಳೆಯಲು ಮಲ್ಟಿಮೀಟರ್ ಹಿಡಿದೆ. ಒಳ್ಳೆಯ ಎರಡೂ 6,000 ಓಮ್ ಆಸುಪಾಸು ತೋರಿಸಿದವು. ನಡುವಿನದು ಓಪನ್. ಎಲ್ಲೋ ತಂತಿ ಕಡಿದಿದೆ. ಬಿಚ್ಚುತ್ತಾ ಹೋದೆ. ಕಟ್ಟಕಡೆಗೆ, ಒಳಗಿನ ಮೊದಲ ಸುತ್ತುಗಳಲ್ಲಿ, ಅಯಸ್ಕಾಂತಕ್ಕೆ ತಾಗಿದ ಕಡೆ ಹಸಿರು ಕಿಲುಬು. ಎಷ್ಟೋ ಗಣೇಶ ಹಬ್ಬಗಳ ಬೆವರು, ಎಷ್ಟೋ ಮಳೆಗಾಲದ ತೇವ.

ಓದಿ ನೋಡಿದೆ. ಇಂಥ ಪಿಕಪ್ಪಿಗೆ 42 ಗೇಜಿನ ತಂತಿ ಅಂತ ಇತ್ತು. ಗೇಜು ಅಂದರೆ ತಂತಿಯ ದಪ್ಪ ಹೇಳುವ ನಂಬರು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 42 ಗೇಜಿನ ಇನಾಮಲ್ ತಂತಿ ತರಿಸಿದೆ. ಸುತ್ತಿದರೆ ಬೇಕಾದ ಸುತ್ತುಗಳಲ್ಲಿ ಅರ್ಧ ಮುಗಿಯುವ ಮೊದಲೇ ಬಾಬಿನ್, ಅಂದರೆ ತಂತಿ ಸುತ್ತುವ ಚೌಕಟ್ಟು, ತುಂಬಿಹೋಯಿತು! ಯಾಕೆ? ಮೈಕ್ರೋಮೀಟರ್ ಹಿಡಿದು ನೋಡಿದಾಗ ತಿಳಿಯಿತು. ನಮ್ಮ ದೇಶದ ವೈಂಡಿಂಗಿನವರು ಬಳಸುವುದು ಬ್ರಿಟಿಷ್ ಗೇಜು, ಎಸ್‌ಡಬ್ಲ್ಯುಜಿ. ಅದರಲ್ಲಿ 42 ಅಂದರೆ 0.1 ಮಿಲಿಮೀಟರ್. ಗಿಟಾರಿನವರು ಹೇಳುವುದು ಅಮೆರಿಕದ ಗೇಜು. ಅದರಲ್ಲಿ 42 ಅಂದರೆ 0.063 ಮಿಲಿಮೀಟರ್. ನಮ್ಮ ಲೆಕ್ಕದಲ್ಲಿ ಅದಕ್ಕೆ ಹತ್ತಿರದ್ದು 46. ಯಾರಾದರೂ ಈ ಕೆಲಸಕ್ಕೆ ಕೈ ಹಾಕಿದರೆ ಇದೊಂದನ್ನು ಬರೆದಿಟ್ಟುಕೊಳ್ಳಿ. 42 ಅಲ್ಲ, 46 ಕೇಳಿ.

46 ಬಂತು. ಅದು ತಲೆಗೂದಲಿನಷ್ಟು ತೆಳು. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಪಂಪಿನ ತಂತಿ ಎಳೆದು ರೂಢಿಯಾದ ಕೈ ನನ್ನದು. ಮೊದಲ ಸಲ 2,300 ಸುತ್ತಿಗೆ ಕಡಿಯಿತು. ಎಲ್ಲ ತೆಗೆದು ಮತ್ತೆ ಶುರು ಮಾಡಿದೆ. ಈ ಸಲ ಅಯಸ್ಕಾಂತಗಳ ಸುತ್ತ ಮೊದಲು ತೆಳು ಟೇಪ್ ಹಾಕಿದೆ, ಮತ್ತೆ ಕಿಲುಬು ಹಿಡಿಯಬಾರದು ಅಂತ. ಮಗಳನ್ನು ಕರೆದೆ. ಅವಳು ಮೆತ್ತನೆಯ ಬಟ್ಟೆಯ ನಡುವೆ ತಂತಿ ಹಿಡಿದು ಆಚೆ ಈಚೆ ನಡೆಸುತ್ತಾ ಹೋದಳು, ನಾನು ಹಿಡಿಕೆ ತಿರುಗಿಸುತ್ತಾ ಹೋದೆ. ಅದೇ ಮಷಿನ್. 1998ರಲ್ಲಿ ಗಿಟಾರಿನ ದುಡ್ಡಿಗೆ ತಂದದ್ದು.

ಫ್ಯಾನ್ ಆಫ್ ಮಾಡಿದ್ದೆವು, ಗಾಳಿಗೂ ತಂತಿ ಹಾರುತ್ತದೆ. ಇಬ್ಬರೂ ಮಾತಾಡಲಿಲ್ಲ. ಕೌಂಟರಿನ ಟಿಕ್ ಟಿಕ್ ಒಂದೇ. 7,800ಕ್ಕೆ ನಿಲ್ಲಿಸಿದೆ. ಹಿಡಿಕೆಯ ಲೆಕ್ಕದಲ್ಲಿ 975 ತಿರುವು. ಬೆಸುಗೆ ಹಾಕಿ ಮೀಟರ್ ಹಿಡಿದೆ. 5,900 ಓಮ್. ಮಗಳು ಲೆಕ್ಕ ಹಾಕಿ ಹೇಳಿದಳು, "ಅಪ್ಪಾ, ಇದರಾಗ ಒಂದು ಕಿಲೋಮೀಟರಿಗಿಂತ ಜಾಸ್ತಿ ತಂತಿ ಐತಿ." ಹುಬ್ಬಳ್ಳಿ ಸ್ಟೇಶನ್ನಿನ ಉದ್ದನೆಯ ಪ್ಲಾಟ್‌ಫಾರ್ಮ್ ಗೊತ್ತಲ್ಲ, 1,507 ಮೀಟರ್. ಅದರ ಮುಕ್ಕಾಲು ಭಾಗದ ಹತ್ತಿರ ಉದ್ದದ ತಂತಿ ಒಂದು ಬೆರಳುದ್ದದ ಪಟ್ಟಿಯೊಳಗೆ ಕೂತಿದೆ. ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಮೋಟಾರಿಗೆ ನಾವು ವಾರ್ನಿಶ್ ಹಾಕುತ್ತೇವೆ. ಇದಕ್ಕೆ ಮೇಣ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು ಮೇಣ ಕರಗಿಸಿ, ಹದ ನೋಡಿ ಮುಳುಗಿಸಿದೆ. ಸುತ್ತುಗಳು ಅಲುಗದೆ ಕೂರಬೇಕು. ಇಲ್ಲದಿದ್ದರೆ ಆಂಪಿನ ದನಿ ಏರಿಸಿದಾಗ ಕಿರುಚುತ್ತದೆ. ನೇರವಾಗಿ ಬೆಂಕಿಯ ಮೇಲೆ ಮಾತ್ರ ಇಡಬಾರದು, ಮೇಣ ಹೊತ್ತಿಕೊಳ್ಳುತ್ತದೆ.

ಕೂಡಿಸಿ ಹಚ್ಚಿದೆ. ನಡುವಿನ ಪಿಕಪ್ ಹಾಡಿತು! ಮಗಳು ಚಪ್ಪಾಳೆ ತಟ್ಟಿದಳು. ಆದರೆ ಇಲ್ಲಿಗೆ ಮುಗಿಯಲಿಲ್ಲ. ಈ ಸ್ವಿಚ್ಚಿಗೆ ಐದು ನಿಲುಗಡೆ ಇದೆ. 1954ರಲ್ಲಿ ಮೂರೇ ಇತ್ತು, ಒಂದು ಸಲಕ್ಕೆ ಒಂದು ಪಿಕಪ್. ನುಡಿಸುವವರು ಸ್ವಿಚ್ಚನ್ನು ಎರಡು ನಿಲುಗಡೆಗಳ ನಡುವೆ ನಿಲ್ಲಿಸಿ ನೋಡಿದರು. ಎರಡು ಪಿಕಪ್ಪು ಕೂಡಿ ಒಂದು ಬೇರೆಯೇ ದನಿ ಬಂತು. ಗಾಜಿನ ಗಂಟೆಯ ಹಾಗೆ. ಜನ ಅದನ್ನೇ ಬಯಸತೊಡಗಿದರು. 1977ರಲ್ಲಿ ಫೆಂಡರ್ ಕಂಪನಿ ಐದು ನಿಲುಗಡೆಯ ಸ್ವಿಚ್ಚೇ ಹಾಕಿತು. ಎರಡು ಪಿಕಪ್ಪು ಕೂಡುವ ಆ ನಿಲುಗಡೆಗೆ ನಾನು ಹಾಕಿದರೆ ದನಿ ಸೊರಗಿಹೋಯಿತು. ಕೊಳವೆಯಲ್ಲಿ ಮಾತಾಡಿದ ಹಾಗೆ.

ನಮ್ಮ ಕಸುಬಿನವರಿಗೆ ಇದು ಗೊತ್ತು. ಕಾಯಿಲಿಗೆ ಶುರು ಒಂದು, ಕೊನೆ ಒಂದು. ಮೂರು ಫೇಸಿನ ಮೋಟಾರಿನಲ್ಲಿ ಎರಡು ವೈರ್ ಅದಲು ಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಮಗಳ ಶಾಲೆಯ ದಿಕ್ಸೂಚಿ ತಂದು ಪಿಕಪ್ಪುಗಳ ಮೇಲೆ ಹಿಡಿದೆ. ಎರಡರ ಮೇಲೆ ಮುಳ್ಳಿನ ಒಂದು ತುದಿ ಬಂತು, ನಡುವಿನದರ ಮೇಲೆ ಇನ್ನೊಂದು ತುದಿ. ಅಯಸ್ಕಾಂತವನ್ನು ಬೇಕೆಂದೇ ತಿರುಗಿಸಿ ಇಟ್ಟಿದ್ದರು. ಸುತ್ತನ್ನೂ ತಿರುಗಿಸಿ ಹಾಕಬೇಕಿತ್ತು. ಆಗ ಎರಡೂ ಪಿಕಪ್ಪಿನ ಸಂಗೀತ ಕೂಡುತ್ತದೆ, ಕರೆಂಟಿನ ಗುಂಯ್ ಮಾತ್ರ ಒಂದಕ್ಕೊಂದು ಹೊಡೆದುಹೋಗುತ್ತದೆ. ಎಷ್ಟು ಚಂದದ ಲೆಕ್ಕ ನೋಡಿ. ನಾನು ಮೊದಲೇ ನೋಡದೆ ಸೀದಾ ಸುತ್ತಿದ್ದೆ. ಮತ್ತೆ ಬಿಚ್ಚುವುದು ಬೇಕಾಗಲಿಲ್ಲ. ಎರಡು ವೈರ್ ಅದಲು ಬದಲು ಮಾಡಿ ಬೆಸುಗೆ ಹಾಕಿದೆ. ಎರಡು ನಿಮಿಷ.

ಹಚ್ಚಿದೆ. ಗುಂಯ್ ಇಲ್ಲ. ಮೌನ. ಮೂರನೇ ತಂತಿಯನ್ನು ಏಳನೇ ಫ್ರೆಟ್ಟಿನಲ್ಲಿ ಒತ್ತಿ ಓರೆಯಾಗಿ ಎಳೆದೆ. ಸ್ವರ ಏರಿತು, ಏರಿ ನಿಂತಿತು. ದುರ್ಗದಬೈಲಿನ ಓಣಿ, ಡೀಸೆಲ್ ವಾಸನೆ, ಹ್ಯಾಂಡಲ್ ತಿರುಗಿಸುತ್ತಿದ್ದ ಅಪ್ಪ, ಎಲ್ಲ ಒಟ್ಟಿಗೆ ಬಂದು ನಿಂತರು. ಅಪ್ಪ ಈಗ ಇಲ್ಲ. ನಾನು ಅತ್ತೆ. ಮಗಳು ಹೆದರಿ ಅವರಮ್ಮನನ್ನು ಕರೆದಳು.

ಸೆಪ್ಟೆಂಬರಿನಲ್ಲಿ ಗಿಟಾರ್, ಆಂಪ್ ಎರಡನ್ನೂ ಕೇಶ್ವಾಪುರಕ್ಕೆ ಒಯ್ದೆ. ಏನೂ ಹೇಳಲಿಲ್ಲ. ಹಚ್ಚಿ ಒಂದು ಕಾರ್ಡ್ ಮೀಟಿದೆ. ಹಿರಿಯರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಮಡಚಲಾರದ ಆ ಬೆರಳುಗಳ ಹಿಂಬದಿಯಿಂದ ಸ್ವಿಚ್ಚನ್ನು ಎರಡನೇ ನಿಲುಗಡೆಗೆ ತಳ್ಳಿದರು. "ಈಗ ಹೊಡೀರಿ." ಮೀಟಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಹದಿನಾಕು ವರ್ಷ ಆತು" ಅಂದರು. ಅಷ್ಟೇ ಅಂದರು.

ಮತ್ತೆ ಒಂದು ಸ್ವರ ಎಳೆಯಲು ಹೇಳಿದರು. ಎಳೆದೆ. "ಸಾಲಂಗಿಲ್ಲ. ಇನ್ನ ಸ್ವಲ್ಪ ಮ್ಯಾಲೆ. ಹೆಬ್ಬೆಟ್ಟು ಹಿಂದ ಆನಿಕಿ ಕೊಡ್ರಿ, ಬರೇ ಬೆರಳಲೆ ಎಳೀಬ್ಯಾಡ್ರಿ, ಮಣಿಕಟ್ಟಲೆ ತಿರುವ್ರಿ." ಅವತ್ತಿನಿಂದ ತಿಂಗಳಿಗೆ ಎರಡು ಭಾನುವಾರ ಹೋಗುತ್ತೇನೆ. ಅವರು ಕೈ ಹಿಡಿದು ತೋರಿಸಲಾರರು. ಬಾಯಲ್ಲಿ ಹಾಡಿ ಹೇಳುತ್ತಾರೆ, ನಾನು ತಂತಿಯಲ್ಲಿ ಹುಡುಕುತ್ತೇನೆ. ನಿಮ್ಮ ಗುರುಮನೆಗಳಲ್ಲೂ ಹೀಗೆಯೇ ಕಲಿಸುತ್ತಾರೆ, ಅಲ್ವಾ?

ಆ ಪೇಡೆ ಡಬ್ಬಿ ಇಲ್ಲಿ ತಂದಿದ್ದೇನೆ. ಅದರಲ್ಲಿ ಹಳೇ ಕಾಯಿಲಿನ ತುಂಡಿದೆ. ಕಿಲುಬು ಹಿಡಿದ ಜಾಗ ಕಾಣುವ ಹಾಗೆ ಹತ್ತಿಯ ಮೇಲೆ ಇಟ್ಟಿದ್ದೇನೆ. ಕೈಯಿಂದ ಕೈಗೆ ದಾಟಿಸಿ, ಹಿಂದೆ ಕೂತ ಹುಡುಗರ ತನಕ ಹೋಗಲಿ. ಉಸಿರು ಬಿಡುವಾಗ ಮುಖ ಸ್ವಲ್ಪ ಆಚೆ ಮಾಡಿ, ಎಳೆ ಹಾರುತ್ತದೆ. ಮೇಜಿನ ಮೇಲಿನ ಫೋನ್ ಯಾರೂ ಆಫ್ ಮಾಡಬೇಡಿ. ಆಚೆ ಕಡೆ ಕೇಶ್ವಾಪುರದಲ್ಲಿ ಅವರು ಕೇಳುತ್ತಿದ್ದಾರೆ. ನಾನು ಅಷ್ಟರಲ್ಲಿ ಶ್ರುತಿ ಮಾಡಿಕೊಳ್ಳುತ್ತೇನೆ.